ನೂಲಿನ ನಂಬರು

ನಂಬರು ಏರಿದಷ್ಟೂ ಹತ್ತಿಯ ನೂಲು ತೆಳುವಾಗುತ್ತದೆ; ರೇಷ್ಮೆಯದಾದರೋ ನಂಬರು ಏರಿದಷ್ಟೂ ದಪ್ಪವಾಗುತ್ತದೆ. ಇದೇನು ವಿಪರೀತವೆಂದು ಯಾರಿಗಾದರೂ ತೋರುವುದು ಸಹಜ. ಎರಡು ಲೆಕ್ಕಗಳನ್ನು ಹೂಡಿದವರು ನಿಂತ ನೆಲೆಗಳೇ ಬೇರೆಯಾಗಿದ್ದವು.

ಹತ್ತಿಯ ಇಂಗ್ಲಿಷ್ ಪದ್ಧತಿಯಲ್ಲಿ ತೂಕ ಸ್ಥಿರ. ಒಂದು ಪೌಂಡು ನೂಲಿನಲ್ಲಿ 840 ಗಜದ ಲಡಿಗಳು ಎಷ್ಟಿವೆಯೋ ಅದೇ ಅದರ ನಂಬರು. ಈ 840 ಆಕಾಶದಿಂದ ಇಳಿದದ್ದಲ್ಲ. ನೂಲು ಸುತ್ತುವ ಚೌಕಟ್ಟಿನ ಸುತ್ತಳತೆ ಒಂದೂವರೆ ಗಜ. 80 ಸುತ್ತಿಗೆ 120 ಗಜ. ಅಂಥ ಏಳು ಕಟ್ಟು ಕೂಡಿದರೆ ಒಂದು ಲಡಿ. ವರ್ಸ್ಟೆಡ್ ಉಣ್ಣೆಗೆ ಲಡಿ 560 ಗಜ, ನಾರುಬಟ್ಟೆಯ ನೂಲಿಗೆ 300. ತೂಗಿ ಕೊಟ್ಟ ಹತ್ತಿಯಿಂದ ನೂಲುವ ಕೈ ಎಷ್ಟು ಉದ್ದ ತೆಗೆಯಿತು ಎಂಬುದೇ ಇಲ್ಲಿ ಕೇಳಿದ ಪ್ರಶ್ನೆಯೆಂದು ನನಗೆ ತೋರುತ್ತದೆ.

ಉದ್ದದ ಮೇಲೆ ಕೂಲಿ ನಿಂತಮೇಲೆ ಉದ್ದದಲ್ಲಿ ಕಳ್ಳಲೆಕ್ಕವೂ ಹುಟ್ಟಿತು. ಲಡಿಗೆ ಕೆಲವು ಸುತ್ತು ಕಡಿಮೆ ಹಾಕಿದ ಉಣ್ಣೆ ನೂಲುವವರನ್ನು ಹಿಡಿದು ದಂಡಿಸಲು 1777ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಾಯಿದೆ ಮಾಡಿ ತನಿಖೆಗಾರರಿಗೆ ಎಡೆಮಾಡಿತು. ಬಡ ಹೆಂಗಸಿನ ಲಡಿಯನ್ನು ಎಣಿಸಲು ರಾಜ್ಯವೇ ಕೈಹಾಕಿದಂತಾಯಿತು!

1779ರಲ್ಲಿ ಮ್ಯೂಲ್ ಯಂತ್ರವನ್ನು ಪೂರೈಸಿದ ಸ್ಯಾಮುಯೆಲ್ ಕ್ರಾಂಪ್ಟನ್ನನಿಗೆ 40ನೆಯ ನಂಬರಿನ ನೂಲಿಗೆ ಪೌಂಡಿಗೆ 14 ಷಿಲಿಂಗು ದೊರೆಯಿತು. ಸಾಧ್ಯವೆಂದು ತೋರಿಸಲು ತುಸುವೇ ನೂತ 80ನೆಯ ನಂಬರಿಗೆ 42 ಷಿಲಿಂಗು. ನಂಬರು ಇಮ್ಮಡಿಯಾದರೆ ಬೆಲೆ ಮುಮ್ಮಡಿ. ಲಡಿಯ ಲೆಕ್ಕ ಹಿಡಿದರೆ ಮೊದಲನೆಯದಕ್ಕೆ 4.2 ಪೆನ್ನಿ, ಎರಡನೆಯದಕ್ಕೆ 6.3 ಪೆನ್ನಿ. ಹತ್ತಿ ಅರ್ಧ ಸಾಕಾದರೂ ಬೆಲೆ ಹೆಚ್ಚಿತು. ಆ ಹೆಚ್ಚಳ ನಯಕ್ಕೆ ಸಂದದ್ದು.

ರೇಷ್ಮೆಯ ಕಥೆ ಬೇರೆ. ಅಲ್ಲಿ ಹುಳುವೇ ಎಳೆಯನ್ನು ನೂತಿಟ್ಟಿದೆ. ರಾಮನಗರದ ನೂಲು ಬಿಚ್ಚುವವರು ಮಾಡುವುದು ಕೆಲವು ಗೂಡುಗಳ ಎಳೆಗಳನ್ನು ಕೂಡಿಸುವ ಕೆಲಸ. ಆದ್ದರಿಂದ ಉದ್ದವನ್ನು ಸ್ಥಿರವಾಗಿಟ್ಟು ತೂಗುತ್ತಾರೆ: 9000 ಮೀಟರು ಎಷ್ಟು ಗ್ರಾಮೋ ಅಷ್ಟು ಡೆನಿಯರ್. ಹೆಸರು ಹಳೆಯ ಫ್ರೆಂಚ್ ನಾಣ್ಯದ್ದು. ಗೂಡಿನ ಎಳೆ ಉದ್ದಕ್ಕೂ ಒಂದೇ ಸಮನಾಗಿರದ ಕಾರಣ '20-22 ಡೆನಿಯರ್' ಎಂದು ಎರಡು ಅಂಕಿ ಹೇಳುವುದುಂಟು. ಈ ವಿನಯ ನನಗೆ ಮೆಚ್ಚುಗೆ.

ಎರಡನ್ನೂ ಬೆಸೆಯುವ ಸೂತ್ರ ಸುಲಭ. 5315ನ್ನು ಒಂದರಿಂದ ಭಾಗಿಸಿದರೆ ಇನ್ನೊಂದು ಬರುತ್ತದೆ. ನೂರನೆಯ ನಂಬರಿನ ಹತ್ತಿ ಸುಮಾರು 53 ಡೆನಿಯರ್. 21 ಡೆನಿಯರಿನ ರೇಷ್ಮೆ ಹತ್ತಿಯ ಲೆಕ್ಕದಲ್ಲಿ 253ನೆಯ ನಂಬರು. ಈ ಗೊಂದಲ ನೀಗಲೆಂದೇ ಸಾವಿರ ಮೀಟರಿನ ಗ್ರಾಂ ತೂಕವನ್ನು 'ಟೆಕ್ಸ್' ಎಂದು ಕರೆದು 1973ರಲ್ಲಿ ಅಂತರರಾಷ್ಟ್ರೀಯ ಮಾನಕವನ್ನು ಪ್ರಕಟಿಸಿದರು. ಆದರೂ ನೇಕಾರರ ಬಾಯಿಂದ ಹಳೆಯ ನಂಬರು ಹೋಗಿಲ್ಲ.

ನೂಲಿನ ಅಳತೆ ಒಮ್ಮೆ ನಮ್ಮ ನಾಡಿನಲ್ಲಿ ರಾಜಕೀಯದ ಅಳತೆಯೂ ಆಗಿತ್ತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ಸು ಸದಸ್ಯನ ಚಂದಾವನ್ನು ತಿಂಗಳಿಗೆ 2000 ಗಜ ಸಮನಾದ ನೂಲೆಂದು ಗೊತ್ತುಮಾಡಿತು. ಕೇಳಿದ್ದು ಉದ್ದವನ್ನು, ತೂಕವನ್ನಲ್ಲ. ಹತ್ತನೆಯ ನಂಬರಿನಲ್ಲಿ ಅದು ಸುಮಾರು 108 ಗ್ರಾಂ, ಇಪ್ಪತ್ತನೆಯದರಲ್ಲಿ 54. ಸಿರಿವಂತನಾಗಲಿ ಬಡವನಾಗಲಿ ಅಷ್ಟೇ ಗಜ ನೂಲಬೇಕು. ಮನಸ್ಸಿಲ್ಲದವರು ಪರರು ನೂತದ್ದನ್ನು ಸಲ್ಲಿಸಬಹುದೆಂಬ ಸಂದು ಮಾತ್ರ ಆ ನಿಯಮದಲ್ಲೇ ಇತ್ತು. ಮರುವರ್ಷ, 1925ರಲ್ಲಿ, ಅದು ವರ್ಷಕ್ಕೆ ನಾಲ್ಕಾಣೆ ಇಲ್ಲವೆ 2000 ಗಜ ಎಂದಾಯಿತು.