ಹೊಕಿಯಾಂಗದ ನಾಯಿತೆರಿಗೆ

ಸಾಕಿದ ನಾಯಿಗೆ ವರುಷವರುಷವೂ ಹಣ ತೆತ್ತು ಪರವಾನಗಿ ಪಡೆಯಬೇಕೆಂಬ ಕಟ್ಟಳೆಯು ಕೇಳುವವರಿಗೆ ಅಲ್ಪ ವಿಷಯವೆಂದೇ ತೋರುವುದು. ಆದರೆ ಎರಡೂವರೆ ಷಿಲ್ಲಿಂಗಿನ ಇಂಥದೊಂದು ತೆರಿಗೆಯ ನಿಮಿತ್ತವಾಗಿ, ನ್ಯೂಜೀಲೆಂಡಿನ ಉತ್ತರ ಭಾಗದ ಹೊಕಿಯಾಂಗ ಎಂಬ ಪ್ರಾಂತದಲ್ಲಿ 1898ನೆಯ ಇಸವಿಯಲ್ಲಿ ದಂಡು ನಡೆಯಿತು. ಚರಿತ್ರಕಾರರು ಇದನ್ನು 'ನಾಯಿತೆರಿಗೆಯ ಯುದ್ಧ'ವೆಂದು ಕರೆದಿರುವರು. ಹೆಸರು ನಗೆ ಬರಿಸುವಂಥದು, ಸಂಗತಿ ಹಾಗಲ್ಲ.

ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನರಿಗೆ ನಾಯಿಯು ಹೊಸದಲ್ಲ. ಅವರ ಪೂರ್ವಿಕರು ಶಾಂತಸಾಗರವನ್ನು ದೋಣಿಗಳಲ್ಲಿ ದಾಟಿ ಬಂದಾಗ 'ಕುರೀ' ಎಂಬ ನಾಯಿಯನ್ನು ಜತೆಯಲ್ಲಿ ತಂದಿದ್ದರು. ಅದರ ಮಾಂಸವು ಆಹಾರಕ್ಕೆ ಒದಗುತ್ತಿದ್ದಿತು. ಚರ್ಮದಿಂದ ಮಾಡಿದ ಹೊದಿಕೆಯು ಕುಲನಾಯಕರ ಮೈಮೇಲೆ ಗೌರವದ ಲಾಂಛನವಾಗಿ ಶೋಭಿಸುತ್ತಿದ್ದಿತು. ಯೂರೋಪಿನ ನಾಯಿಗಳೊಡನೆ ಬೆರೆತು ಆ ತಳಿಯು 19ನೆಯ ಶತಮಾನದಲ್ಲಿ ಅಳಿದುಹೋಯಿತು. ಬಳಿಕ ಉಳಿದ ಬೆರಕೆ ನಾಯಿಗಳು ಕಾಡುಹಂದಿಯ ಬೇಟೆಗೆ ಬೇಕಾಗಿದ್ದವು. ಬಿಳಿಯ ಒಕ್ಕಲಿಗರ ದೃಷ್ಟಿಯೇ ಬೇರೆ. ಅವರ ಸಿರಿಯು ಕುರಿಮಂದೆಯಲ್ಲಿತ್ತು. ಹೇಳುವವರಿಲ್ಲದೆ ಅಲೆಯುವ ನಾಯಿಯು ಅವರಿಗೆ ತೋಳಕ್ಕೆ ಸಮಾನ. ಅವರ ಭಯವನ್ನೂ ಸುಳ್ಳೆನ್ನಲಾಗದು. ಆದುದರಿಂದ 1880ರಲ್ಲಿ ನಾಯಿಗಳ ನೋಂದಣಿಯ ಕಾಯಿದೆಯು ಹುಟ್ಟಿತು. ಅದನ್ನು ನಡೆಯಿಸುವ ಅಧಿಕಾರವು ಸ್ಥಳೀಯ ಸಭೆಗಳ ಕೈಸೇರಿತು.

ಹೊಕಿಯಾಂಗದ ಕೌಂಟಿ ಸಭೆಯು ನಾಯಿಯೊಂದಕ್ಕೆ ಎರಡು ಷಿಲ್ಲಿಂಗು ಆರು ಪೆನ್ಸು ಗೊತ್ತುಮಾಡಿತು. ನೆಲದಿಂದಲೂ ಕಾಡಿನಿಂದಲೂ ಹೊಟ್ಟೆ ಹೊರೆಯುತ್ತ, ಕೌರಿ ಮರದ ಅಂಟನ್ನು ಅಗೆದು ಮಾರಿ ಅಷ್ಟಿಷ್ಟು ನಗದು ಕಾಣುತ್ತಿದ್ದ ಜನರಿಗೆ ಇದು ಹೊರೆಯಾಯಿತು. ನಾಯಿಗಳು ನಾಲ್ಕಾರು ಇದ್ದ ಮನೆಗಂತೂ ಹೇಳತೀರದು. ಜಮೀನಿನ ಮೇಲಣ ತೆರಿಗೆ, ಬಂಡಿಯ ಗಾಲಿಯ ಮೇಲಣ ತೆರಿಗೆ, ಬೇಟೆಗೆ ಕಟ್ಟುಪಾಡು ಇವೂ ಇದರೊಡನೆ ಸೇರಿಕೊಂಡವು. 1840ರಲ್ಲಿ ವೈತಾಂಗಿಯ ಒಪ್ಪಂದಕ್ಕೆ ಇದೇ ಹೊಕಿಯಾಂಗದ ಮಾಂಗುಂಗು ಎಂಬಲ್ಲಿ ಅವರ ಹಿರಿಯರು ಗುರುತು ಹಾಕಿದ್ದರು. ನೆಲದ ಮೇಲೆ ತಮ್ಮ ಹಕ್ಕು ಉಳಿಯುವುದೆಂಬ ಮಾತನ್ನು ನಂಬಿದ್ದವರ ಮೊಮ್ಮಕ್ಕಳು ಈಗ ಬಾಗಿಲಲ್ಲಿ ಮಲಗುವ ನಾಯಿಗೂ ಅಪ್ಪಣೆ ಬೇಡಬೇಕಾಯಿತು.

ವೈಮಾ ಕಣಿವೆಯ ಹೋನೆ ತೋಯಾ ಎಂಬವನು ಈ ಜನರ ಮುಂದಾಳು. ಭಕ್ತಿಪಂಥವೊಂದರ ನಾಯಕನೂ ಆಗಿದ್ದನು. ಇಂದು ನಾಯಿಗೆ ತೆರಿಗೆಯಾದರೆ ನಾಳೆ ಮನುಷ್ಯನಿಗೂ ತೆರಿಗೆಯೆಂಬುದು ಅವನ ವಾದವಾಗಿದ್ದಿತು. 1898ರ ಏಪ್ರಿಲ್ ಕಡೆಯಲ್ಲಿ ಅವನ ಪಕ್ಷದವರು ಬಂದೂಕು ಹಿಡಿದು ರಾವೆನೆ ಪಟ್ಟಣಕ್ಕೆ ಬಂದರು. ಯಾರನ್ನೂ ಹಿಂಸಿಸದೆ ಹಿಂದಿರುಗಿದರು. ಅಷ್ಟೇ ಸಾಕಾಯಿತು. ಪ್ರಧಾನಿ ಸೆಡ್ಡನನ ಸರಕಾರವು ಕರ್ನಲ್ ನ್ಯೂವಾಲನ ಕೈಕೆಳಗೆ ಸುಮಾರು 120 ಮಂದಿ ಸಿಪಾಯಿಗಳನ್ನು ತೋಪುಗಳೊಡನೆ ಆಕ್ಲೆಂಡಿನಿಂದ ಹಡಗಿನಲ್ಲಿ ಕಳುಹಿತು.

ಮೇ 5ರಂದು ಆ ದಂಡು ಕಾಡುದಾರಿಯಲ್ಲಿ ವೈಮಾದ ಕಡೆಗೆ ನಡೆಯಿತು. ದಾರಿಯ ಪೊದೆಗಳಲ್ಲಿ ತೋಯಾನ ಜನರು ಹೊಂಚಿ ಕುಳಿತಿದ್ದರು. ಗುಂಡುಗಳು ಸಿಪಾಯಿಗಳ ತಲೆಯ ಮೇಲೆ ಹಾದುಹೋದವು, ಒಬ್ಬನಿಗೂ ತಗುಲಲಿಲ್ಲ. ಇನ್ನು ಕ್ಷಣಮಾತ್ರದಲ್ಲಿ ರಕ್ತ ಹರಿಯಬೇಕಾಗಿದ್ದಿತು. ಆ ಸಮಯಕ್ಕೆ ಸರಿಯಾಗಿ ಹೋನೆ ಹೆಕೆ ನ್ಗಾಪುವಾ ಎಂಬವನ ಸಂದೇಶವು ತೋಯಾನಿಗೆ ಮುಟ್ಟಿದ್ದಿತು. ಇವನು ಉತ್ತರದ ಮಾವೊರಿಗಳ ಪರವಾಗಿ ಶಾಸನಸಭೆಗೆ ಆರಿಸಿಬಂದ ತರುಣ. ಅರ್ಧ ಶತಮಾನದ ಹಿಂದೆ ಕೊರೊರಾರೆಕದಲ್ಲಿ ಬ್ರಿಟಿಷರ ಬಾವುಟದ ಕಂಬವನ್ನು ಕಡಿಯಿಸಿದ ಹೋನೆ ಹೆಕೆಯ ವಂಶದವನು. ಹಿರಿಯ ಹೆಕೆಯ ಹೆಸರು ಹೊತ್ತವನೇ ಆಯುಧ ಕೆಳಗಿಡಿರೆಂದು ಹೇಳಿದಮೇಲೆ ಅದನ್ನು ಹೇಡಿತನವೆನ್ನಲು ಯಾರಿಗೂ ಬಾಯಿಲ್ಲದಾಯಿತು. ಮರುದಿನ ತೋಯಾ ಶರಣಾಗತನಾದನು. ಬಂದೂಕುಗಳು ಸರಕಾರದ ವಶವಾದವು.

ಆಕ್ಲೆಂಡಿನ ನ್ಯಾಯಾಲಯದಲ್ಲಿ ತೋಯಾನಿಗೂ ಇನ್ನು ನಾಲ್ವರಿಗೂ ಹದಿನೆಂಟು ತಿಂಗಳ ಕಠಿನ ಸಜೆಯಾಯಿತು. ನಾಯಿಗೆ ಹಣ ತೆರಲಿಲ್ಲವೆಂದಲ್ಲ, ರಾಣಿಯ ವಿರುದ್ಧ ಯುದ್ಧ ಹೂಡಲು ಸಂಚುಮಾಡಿದರೆಂದು ಆಪಾದನೆ. ಅವಧಿ ತೀರುವ ಮೊದಲೇ, 1899ರಲ್ಲಿ, ಅವರ ಬಿಡುಗಡೆಯಾಯಿತು. ತೋಯಾ 1933ರ ವರೆಗೆ ಬದುಕಿದ್ದನು. ತೆರಿಗೆಯು ಮಾತ್ರ ನಿಲ್ಲಲಿಲ್ಲ. ಈಗಲೂ 1996ರ ಕಾಯಿದೆಯ ಮೇರೆಗೆ ಆ ದೇಶದಲ್ಲಿ ಮೂರು ತಿಂಗಳು ತುಂಬಿದ ಪ್ರತಿಯೊಂದು ನಾಯಿಯ ಹೆಸರನ್ನೂ ಸ್ಥಳೀಯ ಸಭೆಯ ಪಟ್ಟಿಯಲ್ಲಿ ಬರೆಯಿಸಿ, ವರುಷಕ್ಕೊಮ್ಮೆ ಹಣ ಕಟ್ಟಬೇಕು.