ಹತ್ತಿರದ್ದು ಯಾವುದು, ದೂರದ್ದು ಯಾವುದು: ಕಿರಿಯ ಪ್ರಾಥಮಿಕ ತರಗತಿಗಳಲ್ಲಿ ಚರಿತ್ರೆ ಮತ್ತು ಭೂಗೋಳ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚರಿತ್ರೆ, ಭೂಗೋಳಗಳು ವಿಷಯಗಳಾಗಿ ಮಗುವಿಗೆ ಎದುರಾಗುವುದು ಆರನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ. ಅದಕ್ಕೂ ಮೊದಲು ಅವೆರಡೂ ಪರಿಸರ ಅಧ್ಯಯನದೊಳಗೆ ಬೆರೆತಿರುತ್ತವೆ. ಈ ಬೆರಕೆಗೆ ಒಂದು ತತ್ತ್ವದ ಬೆಂಬಲವಿದೆ. ಮಗುವಿನ ಕಲಿಕೆ ಹತ್ತಿರದಿಂದ ದೂರಕ್ಕೆ ಸಾಗಬೇಕು, ಮೊದಲು ಮನೆ, ಆಮೇಲೆ ಶಾಲೆ, ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ದೇಶ ಎಂಬುದು ಆ ತತ್ತ್ವ. 19ನೆಯ ಶತಮಾನದ ಜರ್ಮನ್ ಶಾಲೆಗಳ ‘ಹೈಮಾಟ್‌ಕುಂಡೆ’ (ತವರು ನೆಲದ ಅರಿವು) ಎಂಬ ಪಾಠದಲ್ಲಿ ಇದರ ಬೇರುಗಳಿವೆ. 20ನೆಯ ಶತಮಾನದಲ್ಲಿ ಅಮೆರಿಕದ ಪಾಲ್ ಹನ್ನಾ ಇದಕ್ಕೆ ಪಠ್ಯಕ್ರಮದ ರೂಪ ಕೊಟ್ಟರು. ಈ ತತ್ತ್ವ ಹುಟ್ಟಿದ್ದು ಸ್ಥಳವನ್ನು ಕುರಿತು. ಅದನ್ನು ಪರೀಕ್ಷಿಸದೆ ಕಾಲಕ್ಕೂ ಹಚ್ಚಿದ್ದರಿಂದ ಚರಿತ್ರೆಯ ಪಾಠ ಸೊರಗಿದೆ ಎಂಬುದು ಈ ಲೇಖನದ ವಾದ. ಸ್ಥಳದ ವಿಷಯದಲ್ಲೂ ನಾವು ಅದನ್ನು ಹೆಸರುಗಳ ಸರಪಳಿ ಎಂದು ತಿಳಿದೆವೇ ಹೊರತು ಸಂಬಂಧಗಳ ಅರಿವೆಂದು ತಿಳಿಯಲಿಲ್ಲ.

ಮನಶ್ಶಾಸ್ತ್ರಜ್ಞ ಪಿಯಾಜೆ ಮತ್ತು ವೈಲ್ ಜಿನೀವಾದ ಮಕ್ಕಳನ್ನು ಮಾತಾಡಿಸಿ 1951ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಜಿನೀವಾ ಸ್ವಿಟ್ಜರ್ಲೆಂಡಿನಲ್ಲಿದೆ ಎಂದು ಚಿಕ್ಕ ಮಕ್ಕಳು ತಡವರಿಸದೆ ಹೇಳುತ್ತಿದ್ದರು. ಚಿತ್ರ ಬರೆಯಿರೆಂದರೆ ಎರಡನ್ನೂ ಅಕ್ಕಪಕ್ಕದ ಎರಡು ವೃತ್ತಗಳಾಗಿ ಬರೆಯುತ್ತಿದ್ದರು. ನೀನು ಸ್ವಿಸ್ ಹೌದೇ ಎಂದರೆ ‘ಅಲ್ಲ, ನಾನು ಜಿನೀವಾದವನು’ ಎಂಬಂಥ ಉತ್ತರ ಬರುತ್ತಿತ್ತು. ಒಂದು ಇನ್ನೊಂದರ ಒಳಗಿದೆ ಎಂಬುದು ಬಾಯಲ್ಲಿತ್ತು, ತಲೆಯಲ್ಲಿರಲಿಲ್ಲ. ನಮ್ಮ ಮೂರನೆಯ ತರಗತಿಯ ಮಗು ‘ನನ್ನ ಊರು, ನನ್ನ ತಾಲ್ಲೂಕು, ನನ್ನ ಜಿಲ್ಲೆ’ ಎಂದು ಒಂದೇ ಉಸಿರಿಗೆ ಒಪ್ಪಿಸುವಾಗಲೂ ಇದೇ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಗೋಡೆಗೆ ತೂಗುಹಾಕಿದ ಭೂಪಟ ಈ ತೊಡಕನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಪಟದಲ್ಲಿ ಉತ್ತರ ಮೇಲಿರುತ್ತದೆ. ಮಗುವಿಗೆ ಮೇಲೆ ಎಂದರೆ ಆಕಾಶ, ಇಲ್ಲವೇ ಕೆರೆ ಏರಿ. ನೀರು ಮೇಲಿನಿಂದ ಕೆಳಗೆ ಹರಿಯುವುದನ್ನು ಅದು ಕಣ್ಣಾರೆ ಕಂಡಿದೆ. ಹಾಗಾದರೆ ನದಿಗಳೆಲ್ಲ ಪಟದ ಮೇಲಂಚಿನಿಂದ ಕೆಳಂಚಿಗೆ ಹರಿಯಬೇಕು. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಗಳು ಕೂಡಲಿಯಲ್ಲಿ ಒಂದಾಗಿ, ಹರಿಹರವನ್ನು ದಾಟಿ, ಒಟ್ಟಾರೆ ಉತ್ತರಕ್ಕೇ ಸಾಗುತ್ತವೆ. ಅಂದರೆ ಪಟದ ಮೇಲೆ ತುಂಗಭದ್ರೆ ಹತ್ತುತ್ತಾಳೆ! ಹರಿಹರದ ಮಗು ದಿನವೂ ನೋಡುವ ನದಿಗೂ ಪಟದ ನೀಲಿ ಗೆರೆಗೂ ತಾಳೆಯಾಗದಿದ್ದರೆ ತಪ್ಪು ಮಗುವಿನದಲ್ಲ. ಪಟವನ್ನು ಕೆಳಗಿಳಿಸಿ, ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ಊರಿನ ಉತ್ತರಕ್ಕೆ ಸರಿಯಾಗಿ ತಿರುಗಿಸಿಟ್ಟರೆ ಈ ಗೊಂದಲದ ಬಹುಭಾಗ ನೀಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಆದರೂ ಭೂಪಟ ಎಂದರೆ ಮೊಳೆಗೆ ನೇತುಹಾಕುವ ವಸ್ತು ಎಂಬ ರೂಢಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಅದಕ್ಕೂ ಮೊದಲಿನ ಮೆಟ್ಟಿಲು ಮೇಲಿನಿಂದ ನೋಡುವ ನೋಟ. ಹಾಳೆಯ ಮೇಲೆ ಬೆಂಕಿಪೊಟ್ಟಣಗಳನ್ನು ತರಗತಿಯ ಬೆಂಚುಗಳಂತೆ ಜೋಡಿಸಿ, ಸುತ್ತ ಪೆನ್ಸಿಲ್ ಗೆರೆ ಎಳೆದು, ಪೊಟ್ಟಣಗಳನ್ನು ಎತ್ತಿಬಿಟ್ಟರೆ ಉಳಿಯುವುದು ನಕ್ಷೆ. ಎದುರಿನಿಂದ ಕಂಡ ಬೆಂಚಿಗೂ ಮೇಲಿನಿಂದ ಕಂಡ ಆಯತಕ್ಕೂ ನಂಟಿದೆ ಎಂದು ಕೈಗೆ ತಿಳಿಯುವುದು ಆಗಲೇ. ತೀರ ಚಿಕ್ಕ ಮಕ್ಕಳೂ ವೈಮಾನಿಕ ಚಿತ್ರಗಳಲ್ಲಿ ಮನೆ, ರಸ್ತೆಗಳನ್ನು ಗುರುತಿಸಬಲ್ಲರೆಂದು ಬ್ಲಾಟ್ ಮತ್ತು ಸ್ಟೀ 1970ರ ದಶಕದ ಆರಂಭದಲ್ಲೇ ತೋರಿಸಿದ್ದರು. ನಕ್ಷೆ ಕಲಿಯಲು ವಯಸ್ಸು ಸಾಲದು ಎಂಬ ವಾದ ಆಮೇಲೆ ನಿಲ್ಲುವುದಿಲ್ಲ.

ಊರಿನ ನಕ್ಷೆ ಬರೆಯಿಸುವಾಗ ಇನ್ನೊಂದು ವಿಷಯ ಮೇಲೇಳುತ್ತದೆ. ಗುಡಿ, ಶಾಲೆ, ಪಂಚಾಯಿತಿ ಕಚೇರಿ, ಬಸ್ ನಿಲ್ದಾಣ ಇಷ್ಟು ಬಂದರೆ ನಕ್ಷೆ ಮುಗಿಯಿತೆಂದು ಶಿಕ್ಷಕರು ಭಾವಿಸುವುದುಂಟು. ಕೇರಿಗಳು ಹಾಳೆಯ ಹೊರಗೇ ಉಳಿಯುತ್ತವೆ. ಯಾವ ಬಾವಿಯಿಂದ ಯಾರು ನೀರು ಸೇದಬಹುದಿತ್ತು ಎಂಬುದು ಊರಿನ ಭೂಗೋಳವೂ ಹೌದು, ಚರಿತ್ರೆಯೂ ಹೌದು. ಎಂಟು ವರ್ಷದ ಮಗುವಿಗೆ ಇದನ್ನು ಹೇಗೆ ಹೇಳುವುದೆಂಬುದು ನಾಜೂಕಿನ ಪ್ರಶ್ನೆ, ಆದರೆ ಆ ಕೇರಿಯ ಮಗು ಅದೇ ತರಗತಿಯಲ್ಲಿ ಕುಳಿತಿರುವಾಗ ಹತ್ತಿರದ್ದೆಲ್ಲ ಸುಲಭದ್ದು ಎಂಬ ನಂಬಿಕೆ ಉಳಿಯುವುದಿಲ್ಲ.

ಇನ್ನು ಕಾಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ (ಎನ್‌ಸಿಎಫ್) ಬಳಿಕ ಎನ್‌ಸಿಇಆರ್‌ಟಿ ರೂಪಿಸಿದ ಪರಿಸರ ಅಧ್ಯಯನಕ್ಕೆ ಆರು ವಿಷಯವಲಯಗಳಿದ್ದವು: ಕುಟುಂಬ ಮತ್ತು ಗೆಳೆಯರು, ಆಹಾರ, ವಸತಿ, ನೀರು, ಪ್ರಯಾಣ, ನಾವು ಮಾಡುವ ವಸ್ತು ಮತ್ತು ಕೆಲಸಗಳು. ಗತಕಾಲಕ್ಕೆ ಪ್ರತ್ಯೇಕ ಜಾಗವಿರಲಿಲ್ಲ. ಐದನೆಯ ತರಗತಿಯಲ್ಲಿ ಗೋಲ್ಕೊಂಡ ಕೋಟೆಯ ಗೋಡೆಗಳನ್ನು ಓದಿಸುವ ಒಳ್ಳೆಯ ಪಾಠವೊಂದಿತ್ತು, ನಿಜ. ಉಳಿದಂತೆ ಗತಕಾಲವೆಂದರೆ ಸಾಮಾನ್ಯವಾಗಿ ‘ಅಂದು-ಇಂದು’ ಚಿತ್ರಗಳು: ಆ ಕಡೆ ಎತ್ತಿನಗಾಡಿ, ಈ ಕಡೆ ರೈಲು.

ಚಿಕ್ಕ ಮಕ್ಕಳಿಗೆ ಕಾಲದ ಅರಿವಿಲ್ಲ, ಆದ್ದರಿಂದ ಚರಿತ್ರೆ ಬೇಡ ಎಂದು ಪಿಯಾಜೆ ಹೇಳಿದ ಬೌದ್ಧಿಕ ಬೆಳವಣಿಗೆಯ ಹಂತಗಳನ್ನು ಮುಂದಿಟ್ಟು ಬಹಳ ಕಾಲ ವಾದಿಸಲಾಯಿತು. ಬಾರ್ಟನ್ ಮತ್ತು ಲೆವ್‌ಸ್ಟಿಕ್ 1996ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ಅಲುಗಾಡಿಸಿತು. ಬೇರೆಬೇರೆ ಕಾಲದ ಚಿತ್ರಗಳನ್ನು ಕೊಟ್ಟಾಗ ಚಿಕ್ಕ ತರಗತಿಯ ಮಕ್ಕಳೂ ಉಡುಪು, ವಾಹನ, ಕಟ್ಟಡಗಳನ್ನು ನೋಡಿ ಹಿಂದುಮುಂದನ್ನು ಬಹುಪಾಲು ಸರಿಯಾಗಿಯೇ ಜೋಡಿಸಿದರು. ಅವರಿಗೆ ಅರ್ಥವಾಗದೆ ಉಳಿದದ್ದು ಇಸವಿ. ನಾವು ಮೊದಲು ಕಲಿಸಹೊರಡುವುದು ಇಸವಿಯನ್ನೇ!

ಕಾಲದಲ್ಲಿ ಹತ್ತಿರದ್ದೆಂದರೆ ನಿನ್ನೆ ಮೊನ್ನೆ ನಡೆದದ್ದಲ್ಲ, ಕುರುಹು ಕಣ್ಣಿಗೆ ಬೀಳುವಂಥದ್ದು. ಊರ ಮುಂದಿನ ವೀರಗಲ್ಲು ಸಾವಿರ ವರ್ಷ ಹಿಂದಿನದಾಗಿದ್ದರೂ ಮಗುವಿಗೆ ಹತ್ತಿರದ್ದು. ಕಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು, ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ, ತುರುಗೋಳಿನ ಕಲ್ಲಾದರೆ ದನಗಳೂ ಇರುತ್ತವೆ. ನಡುವೆ ಅಪ್ಸರೆಯರು ವೀರನನ್ನು ಎತ್ತಿ ಒಯ್ಯುತ್ತಿರುತ್ತಾರೆ. ಮೇಲೆ ಲಿಂಗದ ಮುಂದೆ ಕುಳಿತ ವೀರ, ನೆತ್ತಿಯಲ್ಲಿ ಸೂರ್ಯ ಚಂದ್ರ. ಅಕ್ಷರವೇ ಬಾರದ ಮಗುವೂ ಕತ್ತಿ ಯಾವುದು, ಬಿಲ್ಲು ಯಾವುದು, ದನ ಎಷ್ಟು ಎಂದು ಹೇಳಬಲ್ಲದು. ಕಂಡದ್ದೇನು, ಅದರಿಂದ ಊಹಿಸಿದ್ದೇನು ಎಂಬ ಎರಡನ್ನು ಬೇರೆಬೇರೆಯಾಗಿ ಹೇಳಿಸುವುದು ಶಿಕ್ಷಕರ ಕೆಲಸ. ದನ ಹೊಡೆಯಲು ಬಂದವರಲ್ಲೂ ಸತ್ತವರಿರಬಹುದು, ಅವರ ಕಲ್ಲು ಇಲ್ಲೇಕಿಲ್ಲ ಎಂದು ಕೇಳಿದರೆ, ಕಲ್ಲು ನಿಲ್ಲಿಸಿದವರ ಕಡೆಯ ಮಾತನ್ನಷ್ಟೇ ಅದು ಆಡುತ್ತದೆ ಎಂಬ ತಿಳಿವು ತಾನಾಗಿ ಬರುತ್ತದೆ. ಹಲವೆಡೆ ಈ ಕಲ್ಲುಗಳಿಗೆ ಪೂಜೆಯಿದೆ. ಅದನ್ನು ಮೂಢನಂಬಿಕೆಯೆಂದು ತಳ್ಳುವುದಕ್ಕಿಂತ ಪೂಜಿಸುವವರು ಹೇಳುವ ಕಥೆಯನ್ನೂ ಬರೆಸಿಕೊಳ್ಳುವುದು ಲೇಸು.

ಕಥೆಯನ್ನೂ ಕುರುಹನ್ನೂ ಎದುರುಬದುರು ಇಡಲು ಬೆಂಗಳೂರಿನ ಮಕ್ಕಳಿಗೆ ಬೇಗೂರಿನ ನಾಗೇಶ್ವರ ದೇವಾಲಯವಿದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಬೆಂಗಳೂರೆಂಬ ಹೆಸರು ಬಂತು ಎಂಬ ಕಥೆ ಎಲ್ಲರಿಗೂ ಗೊತ್ತು. ಆ ಅರಸ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ, ಸುಮಾರು 890ರ ಗಂಗರ ಕಾಲದ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ನಾಲ್ಕನೆಯ ತರಗತಿಗೆ ಈ ಅಂಕಿಗಳು ಬೇಕಿಲ್ಲ, ಕಲ್ಲು ಮೊದಲು, ಅರಸ ಆಮೇಲೆ ಎಂಬಷ್ಟು ಸಾಕು. ಕಥೆಯನ್ನು ಕಸದ ಬುಟ್ಟಿಗೆ ಹಾಕಬೇಕಿಲ್ಲ, ಜನ ಅದನ್ನೇಕೆ ಕಟ್ಟಿಕೊಂಡರು ಎಂದು ಕೇಳಬಹುದು.

ಆದರೆ ಎಲ್ಲವೂ ಊರಿನಲ್ಲೇ ಸಿಗಬೇಕೆಂಬ ಹಟವೂ ಸಲ್ಲ. ಚಿಕ್ಕವರ ಕಲ್ಪನೆಯನ್ನು ಹಿಡಿಯುವುದು ಬಹಳ ಸಲ ದೂರದ್ದೂ ವಿಚಿತ್ರವಾದದ್ದೂ ಎಂದು ಶಿಕ್ಷಣ ಚಿಂತಕ ಕೀರನ್ ಈಗನ್ ‘ಹತ್ತಿರದಿಂದ ದೂರಕ್ಕೆ’ ಎಂಬ ತತ್ತ್ವವನ್ನೇ ಪ್ರಶ್ನಿಸಿದ್ದರು. ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಹೊರತಂದಾಗ ಕನ್ನಡದ ಮಗುವಿಗೆ ಜಗತ್ತನ್ನೇ ಕೊಡಹೊರಟಿದ್ದರು, ಊರಿನ ಗಡಿ ಹಾಕಲಿಲ್ಲ.

ಹೀಗೆ ಕಲಿಸಲು ಅಡ್ಡಿಯಿರುವುದು ಸಾಮಗ್ರಿಯಲ್ಲಿ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇರುವುದರಿಂದ ಹಳೆ ಮೈಸೂರಿನ ಶಿಕ್ಷಕರು ತಮ್ಮ ಊರಿನ ಶಾಸನವನ್ನು ಹುಡುಕಿಕೊಳ್ಳಬಹುದು. ಆದರೆ ಪಠ್ಯ ಹಳಗನ್ನಡದ್ದು. ಪ್ರತಿ ತಾಲ್ಲೂಕಿಗೆ ಹತ್ತಾರು ಶಾಸನಗಳನ್ನು ಆಯ್ದು, ಹೊಸಗನ್ನಡದ ಐದಾರು ವಾಕ್ಯ ಮತ್ತು ಒಂದು ರೇಖಾಚಿತ್ರವಿರುವ ಕಾರ್ಡುಗಳನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ತಯಾರಿಸಿಕೊಡಬಲ್ಲವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಿಂದಾಗಿ ಕಾರ್ಡು ಹಿಡಿದು ಗುಂಪಿನಲ್ಲಿ ಕಲಿಯುವ ಪದ್ಧತಿ ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಬದಲಾಗಬೇಕಾದದ್ದು ಮೌಲ್ಯಮಾಪನದ ಪ್ರಶ್ನೆ. ‘ಯಾರು ಕಟ್ಟಿಸಿದರು’ ಎಂಬುದಕ್ಕೆ ಒಂದು ಅಂಕ ಇಟ್ಟಲ್ಲಿ ‘ನಿನಗೆ ಹೇಗೆ ಗೊತ್ತು’ ಎಂಬುದಕ್ಕೆ ಎರಡು ಅಂಕ ಇಡಬೇಕು.