ಯಮುನಕ್ಕನ ನಾಣಿ, ದುರ್ಗೆಯ ಅಪು: 'ಘಟಶ್ರಾದ್ಧ' ಮತ್ತು ಬಂಗಾಳದ ಮೇಲ್ಪಂಕ್ತಿ

ಸಂತೆಕಟ್ಟೆಯಿಂದ ಮಣಿಪಾಲಕ್ಕೆ ಬಂದು, ಹಿರಿಯಡಕ, ಪೆರ್ಡೂರು, ಹೆಬ್ರಿ, ಸೋಮೇಶ್ವರಗಳನ್ನು ದಾಟಿ ಆಗುಂಬೆ ಘಾಟಿಯನ್ನು ಏರಿದರೆ ತೀರ್ಥಹಳ್ಳಿ ಸೀಮೆ ಆರಂಭವಾಗುತ್ತದೆ. ಕನ್ನಡ ಚಿತ್ರರಂಗದ ಇತಿಹಾಸದಲ್ಲಿ ಈ ರಸ್ತೆಗೆ ಒಂದು ವಿಶೇಷ ಸ್ಥಾನವಿದೆ. ತೀರ್ಥಹಳ್ಳಿ ತಾಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಜನಿಸಿದ ಗಿರೀಶ್ ಕಾಸರವಳ್ಳಿ ಅವರು ಔಷಧ ವಿಜ್ಞಾನದ ಪದವಿಗಾಗಿ ಘಟ್ಟವಿಳಿದು ಬಂದದ್ದು ಮಣಿಪಾಲಕ್ಕೆ. ಆದರೆ ಔಷಧ ತಯಾರಿಕೆಯ ವೃತ್ತಿ ಅವರನ್ನು ಹಿಡಿದಿಡಲಿಲ್ಲ. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ತರಬೇತಿ ಪಡೆದು, 1977ರಲ್ಲಿ ತಮ್ಮ ಪ್ರಥಮ ಕಥಾಚಿತ್ರ 'ಘಟಶ್ರಾದ್ಧ'ದ ಮೂಲಕ ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನು ಅವರು ಕನ್ನಡಕ್ಕೆ ತಂದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಬಾಲ್ಯವು ಕಳೆದುಹೋಗುವ ಕ್ಷಣವನ್ನೂ ಕುಟುಂಬದ ನಂಟು ಹರಿಯುವ ನೋವನ್ನೂ ಭಾರತೀಯ ಸಿನಿಮಾದಲ್ಲಿ ಮೊದಲು ಆಳವಾಗಿ ಶೋಧಿಸಿದವರು ಬಂಗಾಳದ ನಿರ್ದೇಶಕರು. ಅದೇ ವಸ್ತುವನ್ನು ಕನ್ನಡದ ನೆಲದಲ್ಲಿ ನಿಲ್ಲಿಸಿ ಹೊಸ ಪ್ರಶ್ನೆಯನ್ನು ಕೇಳಿದ ಕೃತಿ 'ಘಟಶ್ರಾದ್ಧ'. ಆ ಎರಡು ಪರಂಪರೆಗಳ ಸಂಬಂಧವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಂಗಾಳದ ಮೇಲ್ಪಂಕ್ತಿ

ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯನ್ನು ಆಧರಿಸಿ ಸತ್ಯಜಿತ್ ರಾಯ್ ನಿರ್ದೇಶಿಸಿದ 'ಪಥೇರ್ ಪಾಂಚಾಲಿ' 1955ರಲ್ಲಿ ತೆರೆಕಂಡಿತು. ಚಿತ್ರೀಕರಣ 1952ರಲ್ಲೇ ಆರಂಭವಾಗಿದ್ದರೂ ಹಣದ ಅಭಾವದಿಂದ ಹಲವು ಬಾರಿ ಸ್ಥಗಿತಗೊಂಡಿತ್ತು. ರಾಯ್ ಅವರು ಪತ್ನಿಯ ಒಡವೆಗಳನ್ನು ಒತ್ತೆಯಿಟ್ಟು ಕೆಲಸ ಮುಂದುವರಿಸಿದರು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ ಚಿತ್ರ ಪೂರ್ಣಗೊಂಡಿತು. ಛಾಯಾಗ್ರಾಹಕ ಸುಬ್ರತ ಮಿತ್ರ ಅವರಿಗೆ ಇದು ಮೊದಲ ಚಿತ್ರ. ಸಂಗೀತ ಪಂಡಿತ್ ರವಿಶಂಕರ್ ಅವರದು. 1956ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ಮಾನವೀಯ ದಾಖಲೆ ಎಂಬ ಪುರಸ್ಕಾರ ಇದಕ್ಕೆ ಸಂದಿತು.

ಮುಂದೆ 'ಅಪರಾಜಿತೊ' (1956) ಮತ್ತು 'ಅಪುರ್ ಸಂಸಾರ್' (1959) ಸೇರಿ ಅಪು ಚಿತ್ರತ್ರಯವಾಯಿತು. 'ಅಪರಾಜಿತೊ' 1957ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುಚ್ಚ ಪ್ರಶಸ್ತಿಯಾದ ಸ್ವರ್ಣಸಿಂಹವನ್ನು ಪಡೆಯಿತು.

ಈ ಮೂರು ಚಿತ್ರಗಳಲ್ಲಿ ಅಪು ಬೆಳೆಯುವುದು ಸಾವುಗಳ ಮೂಲಕ. ಬಿದಿರ ಮೆಳೆಯಲ್ಲಿ ಕುಳಿತಲ್ಲಿಯೇ ಪ್ರಾಣಬಿಟ್ಟ ಮುದುಕಿ ಇಂದಿರ್ ಠಾಕ್ರುಣ್, ಮಳೆಯಲ್ಲಿ ನೆನೆದು ಜ್ವರಕ್ಕೆ ಬಲಿಯಾದ ಅಕ್ಕ ದುರ್ಗಾ, ಕಾಶಿಯಲ್ಲಿ ತಂದೆ ಹರಿಹರ, ಮಗನ ದಾರಿ ಕಾಯುತ್ತಲೇ ಕಣ್ಮುಚ್ಚುವ ತಾಯಿ ಸರ್ಬಜಯಾ, ಹೆರಿಗೆಯಲ್ಲಿ ತೀರಿಕೊಳ್ಳುವ ಪತ್ನಿ ಅಪರ್ಣಾ. ಪ್ರತಿ ಸಾವಿನ ಬಳಿಕ ಅಪು ಒಂದು ಮನೆಯನ್ನು ಕಳೆದುಕೊಂಡು ಇನ್ನೊಂದು ಲೋಕಕ್ಕೆ ಕಾಲಿಡುತ್ತಾನೆ. ಅಂತಿಮವಾಗಿ, ತಾನು ವರ್ಷಗಳ ಕಾಲ ನಿರಾಕರಿಸಿದ್ದ ಮಗ ಕಾಜಲನನ್ನು ಹೆಗಲ ಮೇಲೆ ಹೊತ್ತು ನಡೆಯುವಲ್ಲಿ ಕಡಿದುಹೋಗಿದ್ದ ಬಾಂಧವ್ಯ ಮತ್ತೆ ಕೂಡುತ್ತದೆ.

ಇದೇ ವಸ್ತುವನ್ನು ಋತ್ವಿಕ್ ಘಟಕ್ ಬೇರೊಂದು ಬಗೆಯಲ್ಲಿ ಕಂಡರು. 'ಬಾಡಿ ಥೇಕೆ ಪಾಲಿಯೆ' ಚಿತ್ರದ ಹುಡುಗ ತಂದೆಯ ಕಟ್ಟುನಿಟ್ಟಿಗೆ ಹೆದರಿ ಹಳ್ಳಿಯಿಂದ ಕಲ್ಕತ್ತೆಗೆ ಓಡಿಹೋಗಿ, ಹಸಿವು ಮತ್ತು ನಿರಾಶ್ರಿತರ ನಗರವನ್ನು ನೋಡಿ ಹಿಂತಿರುಗುತ್ತಾನೆ. 'ಮೇಘೇ ಢಾಕಾ ತಾರಾ' (1960) ಚಿತ್ರದ ನೀತಾ ದೇಶವಿಭಜನೆಯಿಂದ ನೆಲೆ ತಪ್ಪಿದ ಕುಟುಂಬವನ್ನು ಏಕಾಂಗಿಯಾಗಿ ಸಲಹುತ್ತಾಳೆ. ಅವಳ ದುಡಿಮೆಯ ಮೇಲೆ ಬದುಕಿದ ಮನೆಯೇ ಅವಳನ್ನು ಬರಿದುಮಾಡುತ್ತದೆ. ಕುಟುಂಬವೆಂಬುದು ಆಸರೆಯೂ ಹೌದು, ಆಹುತಿಯನ್ನು ಬೇಡುವ ವೇದಿಕೆಯೂ ಹೌದು ಎಂಬ ಘಟಕ್ ಅವರ ದರ್ಶನ ಕನ್ನಡದ ಕಥೆಗೆ ಇನ್ನೂ ಹತ್ತಿರದ್ದು.

ಕನ್ನಡದ ಪೂರ್ವಪೀಠಿಕೆ

'ಘಟಶ್ರಾದ್ಧ' ಶೂನ್ಯದಿಂದ ಹುಟ್ಟಿದ ಚಿತ್ರವಲ್ಲ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ 'ಸಂಸ್ಕಾರ' 1970ರಲ್ಲಿ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತ್ತು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಗಿರೀಶ್ ಕಾರ್ನಾಡ್ 1973ರಲ್ಲಿ 'ಕಾಡು' ಎಂಬ ಹೆಸರಿನಲ್ಲೇ ತೆರೆಗೆ ತಂದರು. ಅಲ್ಲಿ ಹಿರಿಯರ ದ್ವೇಷ, ಹಾದರ ಮತ್ತು ಹಿಂಸೆಗಳಿಗೆ ಸಾಕ್ಷಿಯಾಗುವವನು ಕಿಟ್ಟಿ ಎಂಬ ಬಾಲಕ. ಆ ಪಾತ್ರವಹಿಸಿದ ಜಿ.ಎಸ್. ನಟರಾಜ್ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ದೊರೆಯಿತು.

ಕರಾವಳಿಯ ಪಾಲೂ ಇಲ್ಲಿ ಹಿರಿದಾದುದು. ಕೋಟದ ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯನ್ನು ಬಂಟ್ವಾಳ ತಾಲೂಕಿನ ಮಂಚಿಯವರಾದ ಬಿ.ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿದಾಗ ಸ್ವರ್ಣಕಮಲ ಎರಡನೆಯ ಬಾರಿಗೆ ಕನ್ನಡಕ್ಕೆ ಬಂತು. ಚೋಮನ ಪಾತ್ರಧಾರಿ ಎಂ.ವಿ. ವಾಸುದೇವರಾವ್ ಅತ್ಯುತ್ತಮ ನಟರೆನಿಸಿದರು. ಈ ಚಿತ್ರಕ್ಕೆ ಸಹಾಯಕರಾಗಿ ದುಡಿದವರಲ್ಲಿ ಕಾಸರವಳ್ಳಿಯವರೂ ಒಬ್ಬರು.

ಇನ್ನು ಹೆಗ್ಗೋಡು. ಕಾಸರವಳ್ಳಿಯವರ ಸೋದರಮಾವ ಕೆ.ವಿ. ಸುಬ್ಬಣ್ಣ ಅವರು ನೀನಾಸಮ್ ಸಂಸ್ಥೆಯ ಮೂಲಕ ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ರೈತರಿಗೂ ಕೂಲಿಕಾರರಿಗೂ ತೋರಿಸಿದರು. 'ಪಥೇರ್ ಪಾಂಚಾಲಿ'ಯನ್ನು ಮಲೆನಾಡಿನ ಪ್ರೇಕ್ಷಕ ನೋಡಿದ್ದು ಇಂತಹ ಪ್ರದರ್ಶನಗಳಲ್ಲಿ. ಬಂಗಾಳದ ಹಳ್ಳಿಯ ಬಡತನ ಅರ್ಥವಾಗಲು ಆತನಿಗೆ ಬಂಗಾಳಿ ತಿಳಿದಿರಬೇಕಾಗಿರಲಿಲ್ಲ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಚಿತ್ರದ ಕಥೆ

ಅನಂತಮೂರ್ತಿಯವರ ಅದೇ ಹೆಸರಿನ ಸಣ್ಣಕಥೆ ಚಿತ್ರದ ಮೂಲ. ಮಲೆನಾಡಿನ ಅಗ್ರಹಾರವೊಂದರಲ್ಲಿ ಶೇಷಗಿರಿ ಉಡುಪರು ವೇದಪಾಠಶಾಲೆ ನಡೆಸುತ್ತಿದ್ದಾರೆ. ತಂದೆಯೊಡನೆ ಬಂದ ಪುಟ್ಟ ಬಾಲಕ ನಾಣಿಯನ್ನು ಅಲ್ಲಿ ಬಿಡಲಾಗುತ್ತದೆ. ಮನೆಯ ನೆನಪು, ಮಂತ್ರಪಾಠದ ಕಷ್ಟ, ಹಿರಿಯ ವಿದ್ಯಾರ್ಥಿಗಳ ಕಾಟ, ಇವುಗಳ ನಡುವೆ ಅವನಿಗೆ ತಾಯಿಯಂತೆ ದೊರಕುವವಳು ಉಡುಪರ ವಿಧವೆ ಮಗಳು ಯಮುನಾ. ರಕ್ತಸಂಬಂಧವಿಲ್ಲದ ಈ ಅಕ್ಕ-ತಮ್ಮಂದಿರ ನಂಟೇ ಚಿತ್ರದ ಜೀವಾಳ.

ಯಮುನಾ ಊರಿನ ಶಾಲಾ ಮಾಸ್ತರನಿಂದ ಗರ್ಭವತಿಯಾಗಿದ್ದಾಳೆ. ತಂದೆ ಊರಿನಲ್ಲಿಲ್ಲದ ವೇಳೆ ಗುಟ್ಟು ಹೊರಬೀಳುತ್ತದೆ. ಒಬ್ಬೊಬ್ಬರೇ ವಿದ್ಯಾರ್ಥಿಗಳು ಮನೆ ಬಿಡುತ್ತಾರೆ. ಊರು ಬಾಗಿಲು ಮುಚ್ಚಿಕೊಳ್ಳುತ್ತದೆ. ಯಮುನಾ ಹಾವಿನ ಹುತ್ತಕ್ಕೆ ಕೈಯಿಟ್ಟು ಸಾಯಲೆತ್ನಿಸುವಾಗ ಪಕ್ಕದಲ್ಲಿರುವವನು ನಾಣಿಯೊಬ್ಬನೇ. ರಾತ್ರಿಯ ಕತ್ತಲಲ್ಲಿ ಗರ್ಭಪಾತವೂ ಆಗುತ್ತದೆ. ಮಾಸ್ತರ ಊರು ಬಿಟ್ಟು ಜಾರಿಕೊಳ್ಳುತ್ತಾನೆ.

ಹಿಂತಿರುಗಿದ ಉಡುಪರು ಬದುಕಿರುವ ಮಗಳಿಗೆ ಘಟಶ್ರಾದ್ಧ ಮಾಡುತ್ತಾರೆ. ಜಾತಿಭ್ರಷ್ಟರೆಂದು ಹೊರಹಾಕಲ್ಪಟ್ಟವರನ್ನು ಸತ್ತವರೆಂದೇ ಭಾವಿಸಿ, ಮಡಕೆಯನ್ನು ಒಡೆದು, ಅವರೊಡನೆ ಕುಲದ ಸಂಬಂಧ ಮುಗಿಯಿತೆಂದು ಸಾರುವ ಕ್ರಿಯೆ ಇದು. ಕೇಶಮುಂಡನಗೊಂಡ ಯಮುನಾ ಊರ ಹೊರಗಿನ ಅಶ್ವತ್ಥದ ಬುಡದಲ್ಲಿ ಕುಳಿತಿರುವಾಗ, ನಾಣಿಯನ್ನು ಅವನ ತಂದೆ ಊರಿಗೆ ಕರೆದೊಯ್ಯುತ್ತಾನೆ. ಇತ್ತ ಉಡುಪರು ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳನ್ನು ಮದುವೆಯಾಗಲಿರುವ ಸುದ್ದಿ ಕಿವಿಗೆ ಬೀಳುತ್ತದೆ. ವಿಧವೆ ಮಗಳ ಬಯಕೆಗೆ ಸಾವಿನ ಶಿಕ್ಷೆ, ವೃದ್ಧ ತಂದೆಯ ಬಯಕೆಗೆ ಮಂಗಳವಾದ್ಯ. ನಿರ್ದೇಶಕರು ಈ ವೈರುಧ್ಯಕ್ಕೆ ವ್ಯಾಖ್ಯಾನ ಸೇರಿಸುವುದಿಲ್ಲ.

ನಿರ್ಮಾಣ ಮತ್ತು ಪುರಸ್ಕಾರ

ಚಿತ್ರದ ನಿರ್ಮಾಪಕರು ಮೂಲ್ಕಿ ಮೂಲದ, ಮುಂಬಯಿ ಕನ್ನಡ ರಂಗಭೂಮಿಯಲ್ಲಿ ಹೆಸರು ಮಾಡಿದ ಸದಾನಂದ ಸುವರ್ಣ ಅವರು. ಕಪ್ಪು-ಬಿಳುಪಿನ ಈ ಚಿತ್ರದ ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಸಂಗೀತ ಬಿ.ವಿ. ಕಾರಂತರದು. ಯಮುನಾ ಆಗಿ ಮೀನಾ ಕುಟ್ಟಪ್ಪ, ನಾಣಿಯಾಗಿ ಅಜಿತ್ ಕುಮಾರ್ ಅಭಿನಯಿಸಿದರು. ಸ್ವರ್ಣಕಮಲದ ಜೊತೆಗೆ ಅತ್ಯುತ್ತಮ ಸಂಗೀತ ಮತ್ತು ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿಗಳೂ ಚಿತ್ರಕ್ಕೆ ದೊರೆತವು. ಇದೇ ಕಥೆಯನ್ನು ಆಧರಿಸಿ ಅರುಣ್ ಕೌಲ್ ಅವರು 1991ರಲ್ಲಿ ಹಿಂದಿಯಲ್ಲಿ 'ದೀಕ್ಷಾ' ನಿರ್ದೇಶಿಸಿದರು.

ಎರಡು ಬಾಲ್ಯಗಳು

ಅಪು ಮತ್ತು ನಾಣಿ ಇಬ್ಬರೂ ಬಡ ಪುರೋಹಿತ ಪರಂಪರೆಯ ಪರಿಸರದಲ್ಲಿ ಬೆಳೆಯುವ ಹುಡುಗರು. ಇಬ್ಬರಿಗೂ ಲೋಕವನ್ನು ತೋರಿಸುವವಳು ಒಬ್ಬ ಅಕ್ಕ. ಇಬ್ಬರೂ ಅವಳನ್ನು ಕಳೆದುಕೊಳ್ಳುತ್ತಾರೆ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ವ್ಯತ್ಯಾಸವೇ ಮುಖ್ಯವಾದುದು.

ದುರ್ಗೆಯನ್ನು ಕೊಂದದ್ದು ಬಡತನ ಮತ್ತು ಮಳೆ. ಅವಳ ಸಾವಿಗೆ ಕುಟುಂಬವೆಲ್ಲ ಅಳುತ್ತದೆ. ಅವಳು ಕದ್ದಿದ್ದ ಸರ ಮನೆ ಖಾಲಿಮಾಡುವಾಗ ಅಪುವಿನ ಕೈಗೆ ಸಿಕ್ಕಾಗ, ಅವನು ಅದನ್ನು ಯಾರಿಗೂ ಹೇಳದೆ ಕೊಳಕ್ಕೆ ಎಸೆಯುತ್ತಾನೆ. ಅಕ್ಕನ ಮಾನವನ್ನು ಕಾಯುವ ಈ ಮೌನದಲ್ಲಿ ಅವನು ದೊಡ್ಡವನಾಗುತ್ತಾನೆ.

ಯಮುನೆಯನ್ನು ಕೊಲ್ಲುವುದು ಪ್ರಕೃತಿಯಲ್ಲ, ಸಮುದಾಯದ ನಿರ್ಣಯ. ಅವಳಿಗಾಗಿ ಅಳುವವರಿಲ್ಲ, ಏಕೆಂದರೆ ಶ್ರಾದ್ಧವೇ ಶಿಕ್ಷೆ. ನಾಣಿಗೂ ಗುಟ್ಟನ್ನು ಕಾಯುವ ಮನಸ್ಸಿದೆ, ಆದರೆ ಅವನ ಮೌನಕ್ಕೆ ಅವಳನ್ನು ಉಳಿಸುವ ಶಕ್ತಿಯಿಲ್ಲ. ಕೊಳಕ್ಕೆ ಎಸೆಯಬಹುದಾದ ಸರ ಅವನ ಬಳಿ ಇಲ್ಲ. ಅಪುವಿಗೆ ಬೆಳೆಯುವುದೆಂದರೆ ದೂರದ ರೈಲನ್ನು ಹಿಂಬಾಲಿಸಿ ಲೋಕಕ್ಕೆ ತೆರೆದುಕೊಳ್ಳುವುದು. ನಾಣಿಗೆ ಬೆಳೆಯುವುದೆಂದರೆ ತಾನು ಕಲಿಯಲು ಬಂದ ಮಂತ್ರಗಳೇ ತನ್ನ ಅಕ್ಕನ ಮೇಲೆ ಪ್ರಯೋಗವಾಗುವುದನ್ನು ನೋಡುವುದು.

ಎರಡೂ ಕಡೆ ಹಾವು ಬರುತ್ತದೆ ಎಂಬುದೂ ಗಮನಾರ್ಹ. 'ಪಥೇರ್ ಪಾಂಚಾಲಿ'ಯ ಅಂತ್ಯದಲ್ಲಿ ಕುಟುಂಬ ತೊರೆದುಹೋದ ಮನೆಯೊಳಗೆ ಹಾವೊಂದು ಹರಿದು ಸೇರುತ್ತದೆ. ಅಲ್ಲಿ ಅದು ಪಾಳುಬಿದ್ದ ಬದುಕಿನ ಚಿಹ್ನೆ. 'ಘಟಶ್ರಾದ್ಧ'ದಲ್ಲಿ ಹೆಣ್ಣೊಬ್ಬಳು ತಾನಾಗಿ ಹುತ್ತವನ್ನು ಹುಡುಕಿಕೊಂಡು ಹೋಗುತ್ತಾಳೆ. ಹಾವಿಗಿಂತ ಮನುಷ್ಯರ ಭಯ ಅವಳಿಗೆ ಹೆಚ್ಚಾಗಿದೆ.

ಈ ದೃಷ್ಟಿಯಿಂದ ಕನ್ನಡದ ಚಿತ್ರವು ರಾಯ್ ಅವರ ಸಹಾನುಭೂತಿಯನ್ನೂ ಘಟಕ್ ಅವರ ಆಕ್ರೋಶವನ್ನೂ ಒಟ್ಟಿಗೆ ನೆನಪಿಸುತ್ತದೆ. ಆದರೆ ಘಟಕ್ ಅವರ ನೀತಾ ಶಿಲ್ಲಾಂಗಿನ ಬೆಟ್ಟಗಳ ನಡುವೆ ಬದುಕುವ ಹಂಬಲವನ್ನು ಕೂಗಿ ಹೇಳಬಲ್ಲಳು. ಯಮುನೆಗೆ ಆ ಕೂಗೂ ಇಲ್ಲ. ಅವಳ ಪರವಾಗಿ ಉಳಿಯುವುದು ತಿರುಗಿ ನೋಡುವ ಬಾಲಕನ ದೃಷ್ಟಿ ಮಾತ್ರ.

ಉಳಿಸಿಕೊಂಡ ರೀಲುಗಳು

ಶ್ರೇಷ್ಠ ಚಿತ್ರಗಳೂ ಮನೆತನಗಳಂತೆ ಅಳಿಯಬಲ್ಲವು. 1993ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ಸಂಭವಿಸಿದ ಬೆಂಕಿಯಲ್ಲಿ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು ತೀವ್ರವಾಗಿ ಸುಟ್ಟುಹೋದವು. ಉಳಿದ ಭಾಗಗಳನ್ನೂ ಬೇರೆಡೆ ದೊರೆತ ಪ್ರತಿಗಳನ್ನೂ ಜೋಡಿಸಿ ಸಿದ್ಧಪಡಿಸಿದ ಪುನರುಜ್ಜೀವಿತ ಆವೃತ್ತಿ 2015ರಲ್ಲಿ ಹೊರಬಂತು.

'ಘಟಶ್ರಾದ್ಧ'ಕ್ಕೂ ಇಂತಹ ಮರುಹುಟ್ಟು ಪ್ರಾಪ್ತವಾಯಿತು. ಮಾರ್ಟಿನ್ ಸ್ಕೋರ್ಸೆಸೆ ಸ್ಥಾಪಿಸಿದ ವಿಶ್ವ ಸಿನಿಮಾ ಯೋಜನೆ ಮತ್ತು ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಜಂಟಿಯಾಗಿ ಪುನರುಜ್ಜೀವನಗೊಳಿಸಿದ ಪ್ರತಿ 2024ರ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. 'ಅಪರಾಜಿತೊ' ಗೆದ್ದ ಊರಿನಲ್ಲೇ ಅರವತ್ತೇಳು ವರ್ಷಗಳ ಬಳಿಕ ನಾಣಿ ಕಾಣಿಸಿಕೊಂಡ. ಆದರೆ ನಿರ್ಮಾಪಕ ಸುವರ್ಣರು ಆ ಪ್ರದರ್ಶನಕ್ಕೆ ಕೆಲವೇ ವಾರಗಳ ಮುನ್ನ, 2024ರ ಜುಲೈನಲ್ಲಿ ನಿಧನರಾಗಿದ್ದರು. ಮೂಲಕಥೆಯ ಕರ್ತೃ ಅನಂತಮೂರ್ತಿಯವರು 2014ರಲ್ಲೇ ಅಗಲಿದ್ದರು.

ಮುಂದಿನ ಹಾದಿ

ಕಾಸರವಳ್ಳಿಯವರು ಅನಂತರ 'ತಬರನ ಕಥೆ' (1986), 'ತಾಯಿ ಸಾಹೇಬ' (1997), 'ದ್ವೀಪ' (2001) ಚಿತ್ರಗಳಿಗೂ ಸ್ವರ್ಣಕಮಲ ಪಡೆದರು. ವೈದೇಹಿಯವರ ಕಥೆಯನ್ನು ಆಧರಿಸಿದ 'ಗುಲಾಬಿ ಟಾಕೀಸ್' (2008) ಮೂಲಕ ಅವರ ಕ್ಯಾಮರಾ ಮತ್ತೆ ಘಟ್ಟವಿಳಿದು ಕುಂದಾಪುರ ಕಡೆಯ ಮೀನುಗಾರರ ಬದುಕಿಗೆ ಬಂತು. ಉಮಾಶ್ರೀ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ತಂದಿತು. ಇತ್ತ ಆಗುಂಬೆಯಲ್ಲಿ ಶಂಕರ್ ನಾಗ್ 1980ರ ದಶಕದಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿ, ಸ್ವಾಮಿ ಎಂಬ ಹುಡುಗನ ಬಾಲ್ಯವನ್ನು ದೇಶದ ಮನೆಮನೆಗೆ ತಲುಪಿಸಿತು. ಕುಂದಾಪುರ ಸೀಮೆಯ ರಿಷಬ್ ಶೆಟ್ಟಿ ನಿರ್ದೇಶನದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' (2018) ಗಡಿನಾಡಿನ ಕನ್ನಡ ಮಕ್ಕಳ ಶಾಲೆಯ ಅಳಿವು-ಉಳಿವನ್ನು ನಗುವಿನೊಂದಿಗೆ ಹೇಳಿ, ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು.

ಇವುಗಳಲ್ಲಿ ನಗುವಿದೆ, ಗೆಲುವಿದೆ. 'ಘಟಶ್ರಾದ್ಧ'ದಲ್ಲಿ ಅವೆರಡೂ ಇಲ್ಲ. ಆದರೂ ಅದು ಇಂದಿಗೂ ಪ್ರಸ್ತುತವಾಗಿರುವುದಕ್ಕೆ ಕಾರಣ ಸರಳವಾದುದು. ಮಡಕೆ ಒಡೆಯುವ ಕ್ರಿಯೆ ಅಗ್ರಹಾರದೊಡನೆ ಮರೆಯಾಗಿರಬಹುದು. ಆದರೆ ಮೆಚ್ಚಿದವನನ್ನು ಮದುವೆಯಾದ ಮಗಳನ್ನು 'ನಮ್ಮ ಪಾಲಿಗೆ ಸತ್ತಳು' ಎನ್ನುವ ಮನೆಗಳು ಘಟ್ಟದ ಮೇಲೂ ಕೆಳಗೂ ಇನ್ನೂ ಇವೆ. ಅಂತಹ ಪ್ರತಿ ಮನೆಯಲ್ಲೂ ಏನೂ ಅರ್ಥವಾಗದೆ, ಎಲ್ಲವನ್ನೂ ನೋಡುತ್ತಾ ನಿಂತ ಒಂದು ಮಗು ಇದ್ದೇ ಇರುತ್ತದೆ.